ಸಿಸ್ಟರಮ್ಮನ ಬಚ್ಚಲು

ಗಾಜಿನ ಬಾಟಲಿ, ಅರ್ಧಕ್ಕಿಂತ ಮೇಲಿದೆ, ಪೂರ್ತಿ ತುಂಬಿಲ್ಲ, ತುಂಬಿದ್ದರೆ ಹೀಗೆ ಗುಳಕ್ಕೆನ್ನುತ್ತಿರಲಿಲ್ಲ — ಪೋರ್ಟರು ತಂದಿಟ್ಟ ಬ್ಯಾಗನ್ನು ಕೌಂಟರಿನಿಂದ ಎತ್ತುವಷ್ಟರಲ್ಲಿ ಅವಳ ಕಿವಿಗೆ ಇಷ್ಟೂ ಗೊತ್ತಾಗಿಹೋಯಿತು, ಕೈಗಿಂತ ಮೊದಲು, ಮನಸ್ಸಿಗಿಂತ ಮೊದಲು, ತಾಯಿಗೆ ನಿದ್ದೆಯಲ್ಲೂ ಕೂಸಿನ ಅಳು ಕೇಳಿಸುವ ಹಾಗೆ, ಥೂ, ಹೋಲಿಕೆಗೆ ಇನ್ನೇನೂ ಸಿಗಲಿಲ್ಲವೇ, ಆ ಕಡೆ ಬೆಂಚಿನ ಕೆಳಗಿತ್ತು ಮೇಡಂ, ಬಟ್ಟೆ ಇರ್ಬೇಕು, ಎಂದು ಪೋರ್ಟರು ಬೆವರು ಒರೆಸಿಕೊಂಡ, ಬಟ್ಟೆಯಂತೆ ಬಟ್ಟೆ, ಹೂಂ ಇಟ್ಟು ಹೋಗಪ್ಪ ಎಂದಳು, ಅವನು ಹೋದ, ಹೋಗಬೇಡ ಎಂದು ಕೂಗಬೇಕೆನಿಸಿತು, ನಿಂತಿರು ಮಾರಾಯ, ನಿನ್ನ ಹೆಂಡತಿಯನ್ನು ಬೈದುಕೊಂಡಾದರೂ ನಿಂತಿರು. ರೈಲು ನಿಲ್ದಾಣದಲ್ಲಿ ಜನ ಮರೆತು ಹೋದ ಸಾಮಾನೆಲ್ಲ ಬಂದು ಬೀಳುವ ಕೋಣೆ ಇದು, ಕಿಟಕಿಯಿಲ್ಲ, ಟ್ಯೂಬ್‌ಲೈಟು, ಕಬ್ಬಿಣದ ಕಪಾಟು, ಛತ್ರಿಗಳ ರಾಶಿ, ಒಂಟಿ ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು — ಹಲ್ಲು ಮರೆತು ಇಳಿದ ಪುಣ್ಯಾತ್ಮ ಮನೆಗೆ ಹೋಗಿ ಏನು ಅಗಿದನೋ — ಮತ್ತು ಅವಳು, ಅವಳೂ ಒಂದು ಸಾಮಾನೇ, ಮೇಲಿನ ಗಾಜಿನ ಗೂಡಿನಿಂದ ಇಳಿಸಿ ಇಲ್ಲಿ ತಂದಿಟ್ಟವರು ಮತ್ತೆ ಕೇಳಿಕೊಂಡು ಬಂದಿಲ್ಲ. ಆ ಗೂಡಿನಲ್ಲಿ ಮೈಕಿನ ಮುಂದೆ ಕೂತು ಪ್ರಯಾಣಿಕರ ಗಮನಕ್ಕೆ ಎಂದರೆ ಸಾಕು, ಇಡೀ ನಿಲ್ದಾಣ ತಲೆಯೆತ್ತುತ್ತಿತ್ತು, ಜೇನಿನಂಥ ದನಿ ಎನ್ನುತ್ತಿದ್ದರು, ಆ ಜೇನಿಗೆ ಏನು ಬೆರೆಸಿಕೊಳ್ಳುತ್ತಾಳೆಂದು ಯಾರಿಗೆ ಗೊತ್ತಿತ್ತು, ಆ ಮಧ್ಯಾಹ್ನ ನಾಲಿಗೆ ದಪ್ಪಗಾಗಿ, ಈ ಪ್ಲಾಟ್‌ಫಾರ್ಮಿಗೆ ಬರುವ ರೈಲನ್ನು ಬಾಯಲ್ಲೇ ಆ ಪ್ಲಾಟ್‌ಫಾರ್ಮಿಗೆ ಕಳಿಸಿ, ಅಯ್ಯೋ ತಪ್ಪಾಯ್ತು ಎಂದು ಮೈಕಿನಲ್ಲೇ ನಕ್ಕಳು, ಕಂಬಕಂಬದ ಸ್ಪೀಕರೂ ಅವಳ ಜೊತೆ ನಕ್ಕಿತು, ಜನ ಮೂಟೆ ಹೊತ್ತು ಸೇತುವೆ ಹತ್ತಿ ಓಡಿದರು, ಒಬ್ಬ ಮುದುಕಿ ಮೆಟ್ಟಿಲಲ್ಲಿ ಮುಗ್ಗರಿಸಿ ಮಂಡಿ ಒಡೆದುಕೊಂಡಳು, ಬಾಯಿ ತೆರೆದು ಅಳುತ್ತಿದ್ದುದು ಗಾಜಿನೊಳಗಿಂದ ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ಈಗ ರೆಕಾರ್ಡಿನ ದನಿ, ಯಾವಳೋ, ಎಂದೂ ತಪ್ಪು ಮಾಡದವಳು, ಕೆಮ್ಮದವಳು.

ವಿಳಾಸವೇನಾದರೂ ಇದೆಯೇ ಎಂದು ಬ್ಯಾಗು ತೆರೆದು ನೋಡಬೇಕು, ಅದು ನಿಯಮ, ನಿಯಮವೇ ಕೈಹಿಡಿದು ಬಾವಿಗೆ ಇಳಿಸುತ್ತಿದೆ, ಜಿಪ್ಪು ಎಳೆದಳು, ಒಂದು ಅಂಗಿ, ಗಡ್ಡ ಹೆರೆಯುವ ಸಾಮಾನು, ಒದ್ದೆ ಟವೆಲು, ಟವೆಲಿನೊಳಗೆ ಅದು, ಬಾಣಂತಿ ಸುತ್ತಿದ ಕೂಸಿನ ಹಾಗೆ, ಮತ್ತೆ ಕೂಸು, ಬಣ್ಣ ನೋಡಿದಳು, ಒಳ್ಳೆಯದು, ಅವಳು ಎಂದೂ ಕೊಳ್ಳಲಾಗದೆ ಹೋದ ಜಾತಿಯದು, ಮುಚ್ಚಳ ಒಮ್ಮೆ ತಿರುಗಿಸಿದ್ದು, ಆದ್ದರಿಂದ ಕಷ್ಟವೇನಿಲ್ಲ, ಒಂದು ತಿರುವು, ಬಾಗಿಲು ಒರಗಿಸಿದರೆ ಯಾರಿಗೆ ಕಾಣುತ್ತದೆ, ಛತ್ರಿಗಳಿಗೆ, ಬಾಯಲ್ಲಿ ನೀರು ಬಂತು, ನಾಚಿಕೆಯಿಲ್ಲದ ಬಾಯಿ, ಫೋನು ತೆಗೆದು ಸಿಸ್ಟರಮ್ಮನಿಗೆ ಹಚ್ಚಿದಳು, ರಿಂಗಾಯಿತು, ಆಗುತ್ತಲೇ ಇತ್ತು, ಎತ್ತಲಿಲ್ಲ, ಮತ್ತೆ, ಎತ್ತಲಿಲ್ಲ, ಅವರು ಹಾಗೆ ಬಿಡುವವರಲ್ಲ, ಸ್ನಾನದಲ್ಲಿದ್ದರೂ ಸೋಪು ಮೆತ್ತಿದ ಕೈಯಲ್ಲೇ ಹೇಳು ಮೈಕು ಎನ್ನುವವರು. ಮೈಕು ಎಂದು ಹೆಸರಿಟ್ಟವರೂ ಅವರೇ. ಅವಳು ಮೊದಲ ಸಲ ಕುಡಿತ ಬಿಡುವವರ ಆ ಸಭೆಗೆ ಹೋದಾಗ — ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ಸೇರುತ್ತಾರೆ, ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮಂಡಿ ಎದೆಗೆ ತಗುಲುವಂತೆ ಕೂರುತ್ತಾರೆ, ಗೋಡೆ ತುಂಬ ಮಕ್ಕಳು ಬರೆದ ಸೂರ್ಯಗಳು, ಒಂದೊಂದಕ್ಕೂ ನಗುಮುಖ, ಅವುಗಳ ಕೆಳಗೆ ಒಬ್ಬೊಬ್ಬರಾಗಿ ಎದ್ದು ನಾನು ಕುಡುಕ ಎನ್ನುತ್ತಾರೆ — ಅವಳು ಎದ್ದು ಏನೆಂದಳು, ನಮ್ಮೆಜಮಾನ್ರು ತುಂಬಾ ಕುಡೀತಾರೆ, ಅವರ ಸಲುವಾಗಿ ಬಂದಿದ್ದೀನಿ ಎಂದಳು, ಹನಿ ಮುಟ್ಟದ ಗಂಡ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಒರೆಸುವ ಸಾಧು ಪ್ರಾಣಿ, ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಎಲ್ಲರೂ ಅಯ್ಯೋ ಪಾಪ ಎಂದರು, ಸಿಟಿ ಬಸ್ಸು ಓಡಿಸುವ ಡ್ರೈವರ್ ಅಣ್ಣ ತನ್ನ ಲೋಟದ ಟೀಯನ್ನೇ ಕೊಟ್ಟ, ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಬಿಳಿ ಕೂದಲಿನ ಎತ್ತರದ ಹೆಂಗಸೊಬ್ಬರು, ಈ ಸಿಸ್ಟರಮ್ಮನೇ, ಅಡ್ಡ ನಿಂತು, ನಿನ್ನ ಗಂಡ ಯಾವುದು ಕುಡಿಯೋದು ಎಂದರು, ಅವಳು ಫಟ್ಟನೆ ಹೆಸರು ಹೇಳಿದಳು, ನೀರಿನ ಜೊತೆಗೋ ಹಾಗೇನೋ, ಹಾಗೇ ಎಂದಳು, ಎಲ್ಲಿ ಬಚ್ಚಿಡ್ತಾನೆ, ವಾಷಿಂಗ್ ಮಷೀನಿನ ಹಿಂದೆ, ಎಂದು ಹೇಳಿ ಮುಗಿಸುವಷ್ಟರಲ್ಲಿ ಅವರು ನಗಲು ಶುರುಮಾಡಿದ್ದರು, ಅವಳ ಮಣಿಕಟ್ಟು ಹಿಡಿದು ನಾಡಿ ನೋಡುತ್ತ, ನಾನು ಆಸ್ಪತ್ರೆ ಸ್ಪಿರಿಟ್ ಬಾಟ್ಲೀನೂ ಬಿಡದೆ ಕುಡಿದವಳು ಕಣೆ, ಆಪರೇಷನ್ ಥಿಯೇಟರಿನ ನರ್ಸು, ನನ್ ಹತ್ರ ಗಂಡನ ಕತೆ ಹೇಳ್ಬೇಡ ಎಂದರು, ಉಗುರು ಮೊಂಡಾಗಿ ಕತ್ತರಿಸಿದ ಉದ್ದ ಬೆರಳುಗಳು, ಒಣ ಬೆರಳುಗಳು, ಅವು ಹಿಡಿದ ಜಾಗದಲ್ಲೇ ಅವಳು ಸಭೆಯ ನಡುವೆ ಅಳದೆ ಉಳಿದದ್ದೆಲ್ಲವನ್ನೂ ಅತ್ತಳು. ಆಮೇಲೆ ಅವರು ಹೇಳಿಕೊಟ್ಟದ್ದು ಒಂದೇ ಮಾತು, ಬಾಟ್ಲಿ ಎದುರಾದ್ರೆ ಶೂರಳ ಹಾಗೆ ಒಬ್ಬಳೇ ನಿಂತ್ಕೊಂಡು ಕುಸ್ತಿ ಮಾಡ್ಬೇಡ, ಎತ್ಕೊಂಡು ನನ್ನ ಮನೆಗೆ ಬಾ, ಇಬ್ರೂ ಸೇರಿ ಚೆಲ್ಲೋಣ, ಒಬ್ಬಳೇ ಚೆಲ್ಲೋಕೆ ಹೋದ್ರೆ ದಾರಿ ಗಂಟಲಿನ ಕಡೆಗೇ ತಿರುಗುತ್ತೆ.

ಬಾಟಲಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಕಳ್ಳತನ, ನಾಳೆ ಯಜಮಾನ ಬಂದು ಕೇಳಿದರೆ ಟವೆಲು ಮಾತ್ರ ಇತ್ತು ಸ್ವಾಮಿ ಎನ್ನಬೇಕು, ಮೇಲಿನವರ ಕಿವಿಗೆ ಬಿದ್ದರೆ ಈ ಕೋಣೆಯೂ ಹೋಯಿತು, ತಲೆನೋವು ಎಂದು ಪಕ್ಕದ ಪಾರ್ಸೆಲ್ ಆಫೀಸಿನವನಿಗೆ ಬೀಗದ ಕೈ ಕೊಟ್ಟು ಬೀದಿಗಿಳಿದರೆ ಬಿಸಿಲು ಕಪಾಳಕ್ಕೆ ಹೊಡೆದ ಹಾಗೆ, ಹೆಜ್ಜೆಗೊಮ್ಮೆ ಸೊಂಟದ ಹತ್ತಿರ ಗುಳಕ್, ಗುಳಕ್, ಬೀದಿಗೆಲ್ಲ ಕೇಳಿಸುತ್ತಿದೆ, ಬೀಗ ರಿಪೇರಿಯವನು ತಲೆಯೆತ್ತಿದ, ಶಾಲೆ ಬಿಟ್ಟ ಹುಡುಗಿಯರ ಗುಂಪು ಅವಳನ್ನೇ ನೋಡಿ ನಕ್ಕಿತು, ಅವರಿಗೆ ನಗಲು ಕಾರಣ ಬೇಕೇ, ಮಗಳೂ ಈಗ ಮನೆಗೆ ಬಂದಿರುತ್ತಾಳೆ, ಬಂದವಳು ಮೊದಲು ವಾಷಿಂಗ್ ಮಷೀನಿನ ಹಿಂದೆ ಇಣುಕುತ್ತಾಳೆ, ಆಮೇಲೆ ಶೂ ಬಿಚ್ಚುತ್ತಾಳೆ, ಅಷ್ಟು ಸಹಜವಾಗಿ, ಬೇರೆ ಮಕ್ಕಳು ಬೆಕ್ಕನ್ನು ಹುಡುಕುವ ಹಾಗೆ. ಗಂಡ ಬಂದವನು ಹತ್ತಿರ ಬರುತ್ತಾನೆ, ಕೆನ್ನೆಗೆ ಕೆನ್ನೆ ತಾಗಿಸುತ್ತಾನೆ, ನೋಡಿದವರು ಇನ್ನೂ ಹೊಸ ದಂಪತಿಯ ಹಾಗಿದ್ದಾರೆ ಎಂದಾರು, ಅವಳಿಗೆ ಗೊತ್ತು, ಅವನ ಉಸಿರು ಒಳಗೆ ಹೋಗುವುದು ಕೇಳುತ್ತದೆ, ಮೂಸುತ್ತಾನೆ, ಮೂಸಿ, ಏನೂ ಸಿಗದೆ, ಊಟ ಆಯ್ತಾ ಎನ್ನುತ್ತಾನೆ, ಅವನು ಮುತ್ತಿಡುತ್ತಾನೋ ಮೂಸುತ್ತಾನೋ ಎಂಬುದು ಅವನಿಗೇ ಮರೆತುಹೋಗಿರಬೇಕು, ಬೈಯಲಾದರೂ ಬಾರದೇ ಈ ಮನುಷ್ಯನಿಗೆ, ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಬಚ್ಚಲಿನ ಒಳಚಿಲಕ ಬಿಚ್ಚಿದ, ಸ್ಕ್ರೂ ಒಂದೊಂದನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ, ನೀನು ಹುಷಾರಾದ ಮೇಲೆ ಮತ್ತೆ ಹಾಕ್ತೀನಿ ಎಂದ, ಅಷ್ಟೇ ಮೆತ್ತಗೆ, ಅಂದಿನಿಂದ ಅವಳು ಮೀಯುವಾಗ ಬಾಗಿಲ ಹೊರಗೆ ಮಗಳು ಪಾಠ ಓದಿಕೊಳ್ಳುವ ನೆಪದಲ್ಲಿ ಕೂರುತ್ತಾಳೆ, ಗಟ್ಟಿಯಾಗಿ ಓದುತ್ತಾಳೆ, ಒಳಗೆ ನೀರಿನ ಸದ್ದು ನಿಂತರೆ ಓದುವುದೂ ನಿಲ್ಲುತ್ತದೆ. ಕುಡಿಯುವುದನ್ನು ಬಿಟ್ಟರೆ ಬಿಡುಗಡೆ ಎಂದಿದ್ದರು, ಯಾವ ಬಿಡುಗಡೆ, ಬಿಟ್ಟ ಮೇಲೇ ಗೋಡೆಗಳು ಹತ್ತಿರ ಬಂದದ್ದು, ಕುಡಿದಾಗ ಅವು ಎಲ್ಲೋ ಇದ್ದವು. ಸಿಸ್ಟರಮ್ಮ ಇದ್ದಾರೆ, ಆ ಒಂದು ಕಿಟಕಿ ಇದೆ, ನಡೆ, ನಡೆ, ಅವರ ಮನೆಯ ಹಸಿರು ಬಾಗಿಲು, ಕರೆಗಂಟೆ, ಒಳಗೆ ಕುರ್ಚಿ ಎಳೆದ ಸದ್ದು, ಅಬ್ಬ, ಇದ್ದಾರೆ.

ಬಾಗಿಲು ತೆರೆಯಿತು, ವಾಸನೆ ಮೊದಲು ಬಂತು, ಆಮೇಲೆ ಸಿಸ್ಟರಮ್ಮ. ಇಲ್ಲ, ಇದು ತನ್ನ ಚೀಲದ್ದೇ ವಾಸನೆ, ಮುಚ್ಚಳ ಸಡಿಲಾಗಿರಬೇಕು, ಎಂದುಕೊಳ್ಳಲು ನೋಡಿದಳು, ಆದರೆ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತ ರೀತಿ, ಅಲೆಗೆ ಸಿಕ್ಕ ದೋಣಿಯಲ್ಲಿ ನಿಂತವರ ಹಾಗೆ ಕಾಲು ಅಗಲಿಸಿ, ಆ ನಿಲುವು ಗೊತ್ತಿಲ್ಲದೆ ಉಂಟೇ, ತಾನೇ ಎಷ್ಟು ಸಲ ನಿಂತಿಲ್ಲ, ಬಾ ಮೈಕು ಎಂದರು, ಎಂದೂ ಇಲ್ಲದ ಪ್ರೀತಿಯಿಂದ ಎಂದರು, ಟೇಬಲಿನ ಮೇಲೆ ಖಾಲಿ ಬಾಟಲಿ, ಒಂದು ಸ್ಟೀಲಿನ ಲೋಟ, ಬಾಕಿಯೆಲ್ಲ ಕನ್ನಡಿಯ ಹಾಗೆ ಸ್ವಚ್ಛ, ಪರದೆಗಳು ಒಗೆದು ಇಸ್ತ್ರಿ ಮಾಡಿದವು. ಬೇಲಿಯೇ ಎದ್ದು ಹೊಲ ಮೇಯ್ದರೆ, ಎಂಬ ಮಾತು ಬಾಯಿಗೆ ಬಂತು, ನುಂಗಿಕೊಂಡಳು, ಏನಾಯ್ತು ಸಿಸ್ಟರಮ್ಮ ಎಂದಳು, ಯಾರಿಗಾದ್ರೂ ಏನಾದ್ರೂ ಆಯ್ತಾ, ಏನೂ ಆಗಿಲ್ಲ ಕಣೆ, ಎಂದು ಅವರು ಕುರ್ಚಿಗೆ ಕುಸಿದರು, ಅದೇ ಕಷ್ಟ, ಏನಾದ್ರೂ ಆಗಿದ್ರೆ ನಿಮ್ಮ ಹತ್ರ ಬಂದು ಹೇಳ್ಬೋದಿತ್ತು, ಎಲ್ರೂ ಬೆನ್ನು ಸವರೋರು, ಬೆಳಿಗ್ಗೆ ಒಗೆದ ಪರದೆ ತೂಗುಹಾಕಿದೆ, ಅದರೊಳಗಿಂದ ಬಿಸಿಲು ಬಂತು, ಎಷ್ಟು ಚೆನ್ನಾಗಿದೆ ಅನ್ನಿಸ್ತು, ಹೇಳೋಕೆ ಯಾರೂ ಇರ್ಲಿಲ್ಲ, ಅಂಗಡಿಗೆ ಹೋದೆ, ಅಷ್ಟೇ. ಅಷ್ಟೇ. ಇಷ್ಟು ವರ್ಷ ಎಲ್ಲರ ನಾಡಿ ಹಿಡಿದ ಹೆಂಗಸು, ಒಂದು ಬಿಸಿಲಿಗೆ. ಅವಳಿಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು, ಎಂಥ ಸಿಟ್ಟು ಎಂದರೆ ಕಿವಿ ಕಾದವು, ನಾನು ನಿಮ್ಮನ್ನು ಹಿಡಿದುಕೊಂಡು ನಿಂತಿದ್ದೆನಲ್ಲ, ಮುಳುಗುವವನಿಗೆ ಹುಲ್ಲುಕಡ್ಡಿಯಾದರೂ ಸರಿ, ಆದರೆ ಆ ಹುಲ್ಲುಕಡ್ಡಿಯೂ ನನ್ನನ್ನೇ ಹಿಡಿದುಕೊಂಡಿತ್ತೆಂದು ಯಾರು ಹೇಳಬೇಕಿತ್ತು, ಮತ್ತು ಆ ಸಿಟ್ಟಿನಲ್ಲಿ ಸರಕ್ಕನೆ ಕುರ್ಚಿಗೆ ಕೂತಳು, ಚೀಲ ಟೇಬಲಿನ ಕಾಲಿಗೆ ತಗುಲಿತು, ಗುಳಕ್. ಸಿಸ್ಟರಮ್ಮನ ತಲೆ ಆ ಸದ್ದಿನ ಕಡೆ ತಿರುಗಿತು. ಮುಖವಲ್ಲ, ಮುಖದೊಳಗಿನ ಇನ್ನೇನೋ ತಿರುಗಿತು, ಚೀಲದಲ್ಲೇನಿದೆ ಮೈಕು ಎಂದರು.

ಏನಿಲ್ಲ ಎಂದಳು, ಎದ್ದಳು, ಅವರೂ ಎದ್ದರು, ನೀವೇ ಹೇಳಿದ್ದಲ್ವಾ ತಗೊಂಡ್ ಬಾ ಅಂತ, ಅದಕ್ಕೆ ತಂದೆ, ಎಂದು ಬಾಯಿತಪ್ಪಿ ಹೇಳಿಯೂಬಿಟ್ಟಳು, ಹೌದಲ್ಲ ನಾನೇ ಹೇಳಿದ್ದು, ಜಾಣೆ ನೀನು, ಕೊಡು, ಇಬ್ರೂ ಸೇರಿ ಚೆಲ್ಲೋಣ, ಎಂದು ಕೈ ಚಾಚಿದರು, ಕುಡಿದವರಿಗೆ ಕುಡಿಯಲು ತಂದುಕೊಟ್ಟ ಹಾಗಾಯಿತಲ್ಲ, ಓಡೋಣವೇ, ಓಡಿದರೆ ಇವರು ಅಂಗಡಿಗೆ ಹೋಗುತ್ತಾರೆ, ಇದ್ದರೆ ಇವರ ಕೈಗೆ ಇದು ಹೋಗುತ್ತದೆ, ಹೊರಬಾಗಿಲಿಗೆ ಸಿಕ್ಕಿಸಿದ್ದ ಬೀಗದ ಕೈಯನ್ನು ತಿರುಗಿಸಿ ಬೀಗ ಹಾಕಿದಳು, ಒಳಗಿನಿಂದ, ಆ ಕೈಯನ್ನು ಜೇಬಿಗೆ ಹಾಕಿಕೊಂಡಳು, ಏನು ಮಾಡಿದೆ ಎಂದು ಆಮೇಲೆ ಹೊಳೆಯಿತು, ಈಗ ಇಬ್ಬರೂ ಒಳಗೆ, ಅದೂ ಒಳಗೆ. ಡ್ರೈವರ್ ಅಣ್ಣನಿಗೆ ಫೋನು, ಎತ್ತಿದ, ಪುಣ್ಯಾತ್ಮ, ಹಿಂದೆ ಹಾರನ್ನು, ಗದ್ದಲ, ಸ್ಟಾಪಲ್ಲಿ ನಿಲ್ಸಿದೀನಿ ತಾಯಿ ಬೇಗ ಹೇಳು ಎಂದ, ಹೇಳಿದಳು, ಸಿಸ್ಟರಮ್ಮನಾ ಎಂದ, ಆ ದನಿಯಲ್ಲಿ ಅವನಿಗೂ ಕಾಲ ಕೆಳಗಿನ ನೆಲ ಜರುಗಿದ್ದು ಕೇಳಿಸಿತು, ಬಸ್ ತುಂಬಾ ಜನ ಇದಾರೆ, ನಡುದಾರೀಲಿ ಇಳಿಸೋಕಾಗಲ್ಲ, ಡಿಪೋಗೆ ಹಾಕಿ ಓಡಿ ಬರ್ತೀನಿ, ಅಲ್ಲೀವರ್ಗೂ ಅವರನ್ನ ಹೊರಗೆ ಬಿಡ್ಬೇಡ, ಬಾಟ್ಲಿ ಖಾಲಿ ಮಾಡು, ಎಂದವನು ಗಾಬರಿಯಾಗಿ, ಚೆಲ್ಲು ಅಂದೆ ತಾಯಿ, ಚೆಲ್ಲು, ಎಂದ. ನಗು ಬಂತು ಅವಳಿಗೆ, ಆ ಹೊತ್ತಿನಲ್ಲಿ, ಕೆಟ್ಟ ನಗು, ಸಿಸ್ಟರಮ್ಮ ಆಗಲೇ ಚೀಲದ ಹಿಡಿಗೆ ಕೈ ಹಾಕಿದ್ದರು, ಈ ವಯಸ್ಸಿನಲ್ಲಿ ಎಂಥ ಬಲ, ರೋಗಿಗಳನ್ನು ಮಗುಚಿ ಮಲಗಿಸಿದ ಕೈ, ಒಬ್ಬರನ್ನೊಬ್ಬರು ಎಳೆದಾಡಿದರು, ಇಬ್ಬರೂ ಒಂದು ಮಾತಾಡದೆ, ನೀರಿನ ನಲ್ಲಿಯ ಹತ್ತಿರ ಕೊಡಕ್ಕಾಗಿ ಕಿತ್ತಾಡುವವರಾದರೂ ಬೈಯುತ್ತಾರೆ, ಚೀಲ ಹರಿಯಿತು, ಬಾಟಲಿ ಅವಳ ಕೈಗೆ ಬಂತು, ಬಚ್ಚಲಿಗೆ ನುಗ್ಗಿ ಬಾಗಿಲು ಹಾಕಿದಳು, ಕೈ ತಾನಾಗಿ ಹುಡುಕಿತು, ಇತ್ತು, ಇಲ್ಲಿ ಚಿಲಕ ಇತ್ತು.

ಹಾಕಿದಳು. ಎಷ್ಟು ಕಾಲವಾಯಿತು ಈ ಸದ್ದು ಕೇಳಿ, ಕಬ್ಬಿಣ ಕಬ್ಬಿಣದೊಳಗೆ ಸರಿಯುವ ಸದ್ದು, ಮೈಯೆಲ್ಲ ಸಡಿಲಾಯಿತು, ಇನ್ನು ಯಾರೂ ಇಲ್ಲ, ಪಾಠ ಓದುವ ಮಗಳಿಲ್ಲ, ಮೂಸುವವನಿಲ್ಲ, ಅವಳು ಮತ್ತು ಅದು, ಹಳೆಯ ಗೆಳತಿಯರು, ಒಂದು ಬಕೆಟ್ಟು, ಒಂದು ಚೊಂಬು, ಮೇಲೆ ಸಣ್ಣ ಗವಾಕ್ಷಿ, ಅದರಲ್ಲಿ ಚೂರು ಆಕಾಶ. ಚೆಲ್ಲು ತಾಯಿ ಚೆಲ್ಲು. ಮುಚ್ಚಳ ತಿರುಗಿಸಿದಳು, ವಾಸನೆ ಎದ್ದು ಬಂದು ಕೊರಳಿಗೆ ಕೈ ಹಾಕಿತು, ಎಲ್ಲಿ ಹೋಗಿದ್ದೆ ಇಷ್ಟು ದಿನ ಎನ್ನುವ ಹಾಗೆ, ಹೊರಗೆ ಸಿಸ್ಟರಮ್ಮ ಬಾಗಿಲು ಬಡಿದರು, ಮೊದಲು ಮೆಲ್ಲಗೆ, ಮಗಳೇ ಒಂದೇ ಒಂದು ಗುಟುಕು, ನನ್ನ ಕೈ ನೋಡು ಹೇಗೆ ನಡುಗ್ತಿದೆ, ತಟಕ್ಕನೆ ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ, ನಾನು ನರ್ಸು ನಂಗೊತ್ತಿಲ್ವಾ, ಆಮೇಲೆ ಜೋರಾಗಿ, ಕಳ್ಳಿ, ಯಾರ ಬ್ಯಾಗಿಂದ ಕದ್ದೆ, ನಾಳೆ ಸ್ಟೇಷನ್ನಿಗೆ ಬಂದು ಹೇಳ್ತೀನಿ, ಆಮೇಲೆ ಬಾಗಿಲಿಗೆ ತೀರ ಹತ್ತಿರ, ಬಾಯಿ ಮರಕ್ಕೆ ತಾಗಿಸಿ, ಪಿಸುಮಾತಿನಲ್ಲಿ — ಚೆಲ್ಲು, ಚೆಲ್ಲಿ ಮನೆಗೆ ಹೋಗು, ನಿನ್ನ ಗಂಡ ಮೂಸಲ್ವಾ, ಮೈಗೆಲ್ಲ ಹತ್ತಿರುತ್ತೆ, ಕುಡೀಲಿಲ್ಲ ಅಂದ್ರೆ ನಂಬ್ತಾನಾ ಅವನು, ಕುಡಿದ್ರೂ ಅಷ್ಟೇ ಕುಡೀದಿದ್ರೂ ಅಷ್ಟೇ ಅಂದ್ಮೇಲೆ ಯಾಕೆ ವೇಸ್ಟ್ ಮಾಡ್ತೀಯೆ ಮೈಕು. ಬಾಟಲಿಯ ಬಾಯಿ ವಾಲಿತು, ತೋಳಿನ ಮೇಲೆ, ಬಟ್ಟೆಯ ಮೇಲೆ, ಚೆಲ್ಲಿಯೇಹೋಯಿತು, ನಿಜ, ಇನ್ನು ಯಾವ ಸೋಪಿಗೂ ಹೋಗದು, ಕೆನ್ನೆ ತಾಗಿಸುತ್ತಾನೆ, ಉಸಿರು ಒಳಗೆಳೆದುಕೊಳ್ಳುತ್ತಾನೆ, ಈ ಸಲ ಸಿಗುತ್ತದೆ ಅವನಿಗೆ, ಸಿಕ್ಕಿತಲ್ಲ ಎಂಬ ನೆಮ್ಮದಿಯೂ ಕಂಡೀತೇನೋ ಆ ಮುಖದಲ್ಲಿ, ಮಗಳು ಪುಸ್ತಕದಿಂದ ತಲೆ ಎತ್ತುವುದಿಲ್ಲ, ಹಾಳೆ ತಿರುಗಿಸುತ್ತಾಳೆ ಅಷ್ಟೇ, ಹಾಗಾದರೆ ಯಾಕೆ, ಯಾರಿಗಾಗಿ, ಬಾಟಲಿ ತುಟಿಯವರೆಗೆ ಬಂದಿದೆ, ಯಾವಾಗ ಬಂತು, ತಂಪು ಗಾಜು ಕೆಳದುಟಿಗೆ ತಾಗಿತು. ತಾಗಿತು, ನಿಂತಿತು, ಹೊರಗೂ ಸದ್ದು ನಿಂತಿತು, ಸಿಸ್ಟರಮ್ಮ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದಾರೆ, ಒಳಗಿನ ಸದ್ದು ನಿಂತರೆ ಓದು ನಿಲ್ಲಿಸುವ ಮಗಳ ಹಾಗೆಯೇ, ಮತ್ತು ಆ ಮೌನದಲ್ಲಿ ಬೇರೆಯದೇ ದನಿ ಬಂತು, ಒಡೆದ ದನಿ, ಕಾರಿಡಾರಿನಲ್ಲಿ ಅಡ್ಡ ನಿಂತಿದ್ದ ಹೆಂಗಸಿನದು, ಚಿಲಕ ತೆಗೀಬೇಡ ಕಣೆ, ನಾನು ಏನ್ ಹೇಳಿದ್ರೂ ತೆಗೀಬೇಡ, ಏನಾದ್ರೂ ಮಾತಾಡು, ನೀನು ಮಾತಾಡ್ತಿದ್ರೆ ಕುಡೀತಿಲ್ಲ ಅಂತ ನಂಗೆ ಗೊತ್ತಾಗುತ್ತೆ. ಏನು ಮಾತಾಡಲಿ, ಯಾವ ಮಾತು ಉಳಿದಿದೆ, ಗಾಜು ತುಟಿಗೆ ತಾಗಿರುವಾಗಲೇ ಮಾತಾಡಲು ಬಾಯಿ ತೆರೆಯಬೇಕಿತ್ತು, ತೆರೆದರೆ ಅದು ಒಳಗೇ ಹೋಗಬಹುದಿತ್ತು, ಮುಖ ಪಕ್ಕಕ್ಕೆ ತಿರುಗಿಸಿ ಕೂಗಿದಳು, ಪ್ರಯಾಣಿಕರ ಗಮನಕ್ಕೆ, ಎಂದಳು, ದಯವಿಟ್ಟು ಗಮನಿಸಿ, ಎಂದಳು, ಯಾವ ರೈಲು, ಯಾವುದೋ ರೈಲು, ತಡವಾಗಿ ಬರುತ್ತಿದೆ, ತಡವಾಗಿ ಬರುತ್ತಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ, ಕೂಗುತ್ತ ಕೂಗುತ್ತ ಮೋರಿಗೆ ಸುರಿದಳು, ಕಣ್ಣು ಮುಚ್ಚಿಕೊಂಡು, ಬಾಟಲಿ ಹಗುರಾಗುತ್ತ ಬಂತು, ಖಾಲಿಯಾಯಿತು.

ಅರ್ಧ ಮೋರಿಗೆ ಬಿತ್ತು, ಅರ್ಧ ನೆಲಕ್ಕೆ. ಈ ನೆಲ ಹಾಸಿದ ಮೇಸ್ತ್ರಿ ಯಾವನೋ, ನೀರು ಮೋರಿಗೆ ಹರಿಯುವ ಬದಲು ಬಾಗಿಲಿಗೆ ಹರಿಯುತ್ತದೆ, ನೋಡುತ್ತಿದ್ದ ಹಾಗೇ ತೆಳ್ಳನೆಯ ಹೊಂಬಣ್ಣದ ನಾಲಿಗೆಯೊಂದು ನೆಲದ ಮೇಲೆ ಚಾಚಿಕೊಂಡು ಬಾಗಿಲ ಕೆಳಗಿನ ಸಂದಿಯತ್ತ ಹೊರಟಿತು, ಬಕೆಟ್ಟಿನಲ್ಲಿ ನೀರಿಲ್ಲ, ನಲ್ಲಿ ತಿರುಗಿಸಿದರೆ ಬರೀ ಗಾಳಿ, ಆಚೆ ಕಡೆ ಮಂಡಿ ನೆಲಕ್ಕೆ ಊರಿದ ಸದ್ದು, ಮೂಳೆಯ ಸದ್ದು, ಸಂದಿಯಲ್ಲಿ ಬೆರಳುಗಳು ಬಂದವು. ಉಗುರು ಮೊಂಡಾಗಿ ಕತ್ತರಿಸಿದ ಉದ್ದ ಬೆರಳುಗಳು, ನೆಲವನ್ನು ತಡವಿದವು, ತೇವ ಸಿಕ್ಕಿತು, ಹಿಂದೆ ಸರಿದವು. ಚೀಪುವ ಸದ್ದು. ಮತ್ತೆ ಬಂದವು. ಅವಳು ಟವೆಲು ಹುಡುಕಿದಳು, ಇಲ್ಲ, ಅಂಗೈಯಿಂದಲೇ ನೆಲ ಒರೆಸಿದಳು, ಮೋರಿಯ ಕಡೆಗೆ ತಳ್ಳಿದಳು, ಅಂಗೈ ಒದ್ದೆ, ತನ್ನ ಬೆರಳೂ ಒದ್ದೆ, ಬಾಯಿಗೆ ಎಷ್ಟು ಹತ್ತಿರ ಇರುತ್ತದೆ ಮನುಷ್ಯರ ಕೈ, ಮಗುವಾಗಿದ್ದಾಗಿನಿಂದ ಅದಕ್ಕೆ ಗೊತ್ತಿರುವುದು ಆ ಒಂದೇ ದಾರಿ, ಬೆರಳುಗಳು ಮತ್ತೆ ಬಂದವು, ಸಿಸ್ಟರಮ್ಮ ಬೇಡ ಎಂದಳು, ನಂಗೊತ್ತು ಬೇಡ ಅಂತ, ಎಂದರು ಆಚೆಯಿಂದ, ಅಳುತ್ತಿದ್ದರು, ಬೆರಳು ನಿಲ್ಲಲಿಲ್ಲ, ಆಗ ಅವಳು ಒದ್ದೆ ನೆಲಕ್ಕೆ ಬೋರಲು ಬಿದ್ದು ತನ್ನ ಕೈಯನ್ನು ಆ ಬೆರಳುಗಳ ಮೇಲೆ ಒತ್ತಿಹಿಡಿದಳು, ಹಿಂದೆ ಸರಿಯದ ಹಾಗೆ, ಅವರ ಕೈ ಅವರ ಬಾಯಿಗೆ ಹೋಗದ ಹಾಗೆ, ತನ್ನದು ತನ್ನ ಬಾಯಿಗೆ ಬಾರದ ಹಾಗೆ, ಕೆನ್ನೆಯ ಕೆಳಗೆ ನೆಲ, ಮೂಗಿನ ತುಂಬ ಅದೇ ವಾಸನೆ, ಮರದ ಆ ಕಡೆ ಅವರ ಉಸಿರು, ಈ ಕಡೆ ಅವಳದು. ಎಳೆದರು, ಬಿಡಲಿಲ್ಲ. ಮತ್ತೆ ಎಳೆದರು. ಆಮೇಲೆ ಎಳೆಯುವುದು ನಿಂತಿತು, ಬೆರಳುಗಳು ಮಡಚಿಕೊಂಡು ಅವಳ ಬೆರಳನ್ನು ಹಿಡಿದವು. ಹೊರಬಾಗಿಲ ಕರೆಗಂಟೆ ಸದ್ದು ಮಾಡಿತು, ತಾಯಿ ನಾನು ಬಂದೆ, ಬಾಗಿಲು ತೆಗಿ, ಎಂದು ಡ್ರೈವರ್ ಅಣ್ಣನ ದನಿ, ಓಡಿ ಬಂದ ಏದುಸಿರು, ಬೀಗದ ಕೈ ಅವಳ ಜೇಬಿನಲ್ಲಿದೆ, ತೆಗೆಯಬೇಕೆಂದರೆ ಏಳಬೇಕು, ಏಳಬೇಕೆಂದರೆ ಬಿಡಬೇಕು, ತಾಯಿ, ಎನ್ನುತ್ತಿದ್ದಾನೆ, ಹೂಂ ಅಣ್ಣ, ಬರುತ್ತೇನೆ, ಈಗ ಬಂದೆ, ಬಿಟ್ಟರೆ, ಬಿಟ್ಟ ಕೂಡಲೇ ಎರಡು ಕೈ, ಎರಡು ಬಾಯಿ, ಬಾಗಿಲು ತೆಗಿ ತಾಯಿ, ಸಂದಿಯಲ್ಲಿ ಬೆರಳು, ಒದ್ದೆ ಬೆರಳು, ಮೊಂಡು ಉಗುರು, ಅವಳ ಬೆರಳಿನ ಸುತ್ತ ಬೆರಳು, ತಾಯಿ, ಬೆರಳು —